ಒಂದು ಆ್ಯಪ್‌ನಲ್ಲಿ 72, ಇನ್ನೊಂದರಲ್ಲಿ 118: ಎದೆಬಡಿತದ ಲೆಕ್ಕ ತಪ್ಪುವುದೆಲ್ಲಿ?

(ತುಮಕೂರಿನಲ್ಲಿ ಬೆಳಗಿನ ವಾಕಿಂಗ್‌ನವರು, ಓಟಗಾರರು ಮತ್ತು ಜಿಮ್ ತರಬೇತುದಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಒಂದೇ ಕೈ, ಒಂದೇ ವಾಚು. ವಾಚಿನ ಆ್ಯಪ್ ತೆರೆದರೆ ಇವತ್ತಿನ ಸರಾಸರಿ ಎದೆಬಡಿತ 72 ಎಂದಿರುತ್ತದೆ. ಅದೇ ವಾಚಿನಿಂದ ಮಾಹಿತಿ ಪಡೆಯುವ ಇನ್ನೊಂದು ಆ್ಯಪ್‌ನಲ್ಲಿ 118. ಅಮಾನಿಕೆರೆ ದಂಡೆಯಲ್ಲಿ ನಿಧಾನಕ್ಕೆ ಜಾಗಿಂಗ್ ಶುರು ಮಾಡಿದ ಒಂದೇ ನಿಮಿಷಕ್ಕೆ 168 ತೋರಿಸಿದ ವಾಚು, ದೇವರಾಯನದುರ್ಗದ ಏರು ಹತ್ತಿ ಏದುಸಿರು ಬಿಡುವಾಗ 98 ತೋರಿಸುತ್ತದೆ. ಇದನ್ನು ನೋಡಿ ಕೆಲವರು ಹೆದರಿ ರಾತ್ರಿಯಿಡೀ ನಿದ್ದೆಗೆಡುತ್ತಾರೆ, ಕೆಲವರು ವಾಚು ಬಿಚ್ಚಿ ಬೀರುವಿಗೆ ಹಾಕಿಬಿಡುತ್ತಾರೆ. ಎರಡಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ: ತಪ್ಪು ಎಲ್ಲಿ ನುಸುಳಿದೆ ಎಂದು ಹುಡುಕುವುದು.

ವಾಚು ನೇರವಾಗಿ ಹೃದಯವನ್ನು ನೋಡುತ್ತಿಲ್ಲ. ಮಣಿಕಟ್ಟಿನ ಚರ್ಮದ ಕೆಳಗೆ ರಕ್ತ ಏರಿಳಿಯುವುದನ್ನು ಬೆಳಕಿನಿಂದ ಗಮನಿಸಿ, ಅದರಲ್ಲಿ ಒಂದು ಲಯ ಹುಡುಕಿ, ನಿಮಿಷಕ್ಕೆ ಇಷ್ಟು ಎಂದು ಅಂದಾಜು ಮಾಡುತ್ತದೆ. ಆ ಅಂದಾಜು ನಿಮ್ಮ ಕಣ್ಣಿಗೆ ಬೀಳುವ ಮೊದಲು ಚರ್ಮ, ಸೆನ್ಸರ್, ಫೋನ್, ಆ್ಯಪ್ ಎಂಬ ನಾಲ್ಕು ಕಡೆ ಹಾದು ಬರುತ್ತದೆ. ನಾಲ್ಕೂ ಕಡೆ ತಪ್ಪಾಗಬಹುದು. ಸಮಾಧಾನದ ವಿಷಯ ಏನೆಂದರೆ, ಎಲ್ಲಿ ತಪ್ಪಾಯಿತು ಎಂಬ ಗುರುತು ಸಾಮಾನ್ಯವಾಗಿ ಗ್ರಾಫ್‌ನಲ್ಲೇ ಉಳಿದಿರುತ್ತದೆ.

ಹಸಿರು ಲೈಟಿನ ಕೆಲಸ

ವಾಚು ಬಿಚ್ಚಿ ಹಿಂಬದಿ ನೋಡಿ. ಹಸಿರು ಎಲ್‌ಇಡಿಗಳು ಮಿನುಗುತ್ತಿರುತ್ತವೆ, ಪಕ್ಕದಲ್ಲಿ ಕಪ್ಪು ಚೌಕದಂತೆ ಕಾಣುವುದು ಬೆಳಕು ಹಿಡಿಯುವ ಫೋಟೋಡಯೋಡ್. ಹಸಿರನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಸುಮಾರು 530 ನ್ಯಾನೊಮೀಟರ್ ತರಂಗಾಂತರದ ಆ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಿಗೆ ರಕ್ತ ನುಗ್ಗುತ್ತದೆ, ಹಸಿರು ಬೆಳಕು ಹೆಚ್ಚು ಹೀರಿಹೋಗಿ ವಾಪಸ್ ಬರುವುದು ಕಡಿಮೆಯಾಗುತ್ತದೆ. ರಕ್ತ ಸರಿದಾಗ ಮತ್ತೆ ಹೆಚ್ಚುತ್ತದೆ. ಬೆಳಕಿನಿಂದ ನಾಡಿ ಹಿಡಿಯುವ ಈ ವಿಧಾನ ಹೊಸದಲ್ಲ, 1930ರ ದಶಕದಿಂದ ಇದೆ. ಕೋವಿಡ್ ಸಮಯದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರ್ ಕೂಡ ಇದೇ ಜಾತಿಯದು, ಅದರಲ್ಲಿರುವುದು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು.

ತೊಂದರೆ ಇರುವುದು ಪ್ರಮಾಣದಲ್ಲಿ. ವಾಪಸ್ ಬರುವ ಬೆಳಕಿನಲ್ಲಿ ನಾಡಿಯಿಂದ ಏರಿಳಿಯುವ ಪಾಲು ಶೇ 1ರ ಆಸುಪಾಸು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಚರ್ಮ, ಅದರ ಕೆಳಗಿನ ಅಂಗಾಂಶ ಮತ್ತು ಅಭಿಧಮನಿಯ ರಕ್ತದಿಂದ ಬರುವ ಬೆಳಕು. ಸ್ಟ್ರಾಪ್ ಒಂದು ಮಿಲಿಮೀಟರ್ ಜರುಗಿದರೂ ಸಾಕು, ಆ ಬದಲಾವಣೆ ನಾಡಿಯ ಏರಿಳಿತಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ. ಸಿದ್ಧಗಂಗೆ ಜಾತ್ರೆಯ ಗದ್ದಲದಲ್ಲಿ ಪಕ್ಕದವರ ಪಿಸುಮಾತು ಕೇಳಿಸಿಕೊಳ್ಳುವಂಥ ಕೆಲಸ ಅದು. ಸುಮ್ಮನೆ ಕೂತಾಗ ವಾಚು ಸರಿಯಾಗಿಯೇ ಹೇಳುವುದಕ್ಕೂ, ಕೈ ಆಡಿದ ತಕ್ಷಣ ಎಡವುವುದಕ್ಕೂ ಇದೇ ಮೂಲ ಕಾರಣ.

ಮೊದಲು ಮಣಿಕಟ್ಟು ನೋಡಿಕೊಳ್ಳಿ

ಹೊಸ ವಾಚಿನ ಸೆನ್ಸರ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಗೀರು ಬೀಳದಿರಲಿ ಎಂದು ಅದನ್ನು ಹಾಗೇ ಬಿಟ್ಟುಕೊಂಡವರು ಇವತ್ತೇ ಕಿತ್ತುಹಾಕಿ. ಬೆಳಕು ಆ ಹಾಳೆಯಲ್ಲೇ ಹರಡಿ, ಚರ್ಮದೊಳಗೆ ಇಳಿಯದೆ ನೇರ ಫೋಟೋಡಯೋಡ್‌ಗೆ ಹೋಗುತ್ತದೆ.

ವಾಚಿನ ಜಾಗ ಮಣಿಕಟ್ಟಿನ ಉಬ್ಬಿದ ಮೂಳೆಯ ಮೇಲಲ್ಲ. ಆ ಮೂಳೆಯಿಂದ ಮೊಣಕೈ ಕಡೆಗೆ ಎರಡು ಬೆರಳು ಅಗಲ ಬಿಟ್ಟು ಕಟ್ಟಬೇಕು. ಮೂಳೆಯ ಮೇಲೆ ಕೂತರೆ ವಾಚು ತೂಗಾಡುತ್ತದೆ, ಸಂದಿಯಿಂದ ಹೊರಗಿನ ಬೆಳಕು ಒಳನುಗ್ಗುತ್ತದೆ. ಬಿಗಿ ಎಷ್ಟಿರಬೇಕು ಎಂದರೆ, ವಾಚನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಾಗ ಅದರ ಜೊತೆಗೆ ಚರ್ಮವೂ ಜರುಗಬೇಕು. ವಾಚು ಮಾತ್ರ ಜಾರಿದರೆ ಸಡಿಲ. ಕೈ ಜೋಮು ಹಿಡಿದರೆ, ಬಿಚ್ಚಿದಾಗ ಆಳವಾದ ಗುರುತು ಬಹಳ ಹೊತ್ತು ಉಳಿದರೆ ಅತಿ ಬಿಗಿ. ಅತಿ ಬಿಗಿಯಾದರೂ ರೀಡಿಂಗ್ ಕೆಡುತ್ತದೆ, ಯಾಕೆಂದರೆ ಅಲ್ಲಿನ ಸಣ್ಣ ರಕ್ತನಾಳಗಳೇ ಒತ್ತಿಹೋಗಿರುತ್ತವೆ. ವ್ಯಾಯಾಮಕ್ಕೆ ಮುಂಚೆ ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ.

ನಮ್ಮ ಕಡೆಯ ಕೈಗಳ ವಿಷಯ ವಾಚಿನ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಗಾಜಿನ ಬಳೆ ತೊಟ್ಟ ಕೈಯಲ್ಲಿ ವಾಚು ಇದ್ದರೆ, ಪ್ರತಿ ಹೆಜ್ಜೆಗೂ ಬಳೆ ಬಂದು ವಾಚಿಗೆ ಬಡಿಯುತ್ತದೆ. ಆ ಬಡಿತ ಸೆನ್ಸರ್‌ಗೆ ನಾಡಿಯ ಹಾಗೇ ಕಾಣಬಹುದು. ಬಳೆಗಳನ್ನು ಅಂಗೈ ಕಡೆಗೆ ಬಿಟ್ಟು ವಾಚನ್ನು ಇನ್ನೂ ಮೇಲಕ್ಕೆ ಕಟ್ಟಿ, ಇಲ್ಲವೇ ಬಳೆ ಕಡಿಮೆ ಇರುವ ಕೈಗೆ ಬದಲಿಸಿ. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ ಸೆನ್ಸರ್‌ನ ಕೆಳಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಪಕ್ಕಕ್ಕೆ ಸರಿಸಿ. ಗಾಢವಾದ ಹಚ್ಚೆ ಇರುವ ಜಾಗ ಬೇಡವೇ ಬೇಡ, ಶಾಯಿಯೇ ಬೆಳಕನ್ನು ನುಂಗಿಬಿಡುತ್ತದೆ. ದಟ್ಟ ಮೆಹಂದಿ ಹಾಕಿದಾಗಲೂ ಬಣ್ಣ ಮಾಸುವವರೆಗೆ ರೀಡಿಂಗ್ ಏರುಪೇರಾಗಬಹುದು. ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್, ಒಣಗಿದ ಬೆವರು ಸೆನ್ಸರ್‌ನ ಗಾಜಿನ ಮೇಲೆ ಪದರ ಕಟ್ಟುತ್ತವೆ. ಎರಡು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಕಟ್ಟಿಕೊಳ್ಳಿ. ಸೋಪು ಉಳಿದರೆ ಚರ್ಮ ಕೆಂಪಾಗುತ್ತದೆ.

ಚರ್ಮದ ಬಣ್ಣದ ಮಾತೂ ಇದೆ. ಮೆಲನಿನ್ ಕೂಡ ಹಸಿರು ಬೆಳಕನ್ನು ಹೀರುತ್ತದೆ, ಹಾಗಾಗಿ ಕಪ್ಪು ಚರ್ಮದಲ್ಲಿ ಸೆನ್ಸರ್‌ಗೆ ಸಿಗುವ ಸಿಗ್ನಲ್ ಸ್ವಲ್ಪ ಕಡಿಮೆ. ಒಳ್ಳೆಯ ವಾಚುಗಳು ಎಲ್‌ಇಡಿಯ ಪ್ರಖರತೆಯನ್ನು ತಾವೇ ಏರಿಸಿಕೊಂಡು ಇದನ್ನು ಸರಿದೂಗಿಸುತ್ತವೆ. ನಿಮ್ಮ ಕೈಯಲ್ಲಿ ಮಾಡಬಹುದಾದದ್ದು ವಾಚನ್ನು ಸರಿಯಾಗಿ ಕಟ್ಟುವುದೊಂದೇ, ಅದನ್ನಂತೂ ಬಿಡಬೇಡಿ.

ಇನ್ನು ಚಳಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಐದೂವರೆಗೆ ಮನೆ ಬಿಟ್ಟರೆ ಕೈ ತಣ್ಣಗಿರುತ್ತದೆ. ದೇಹ ಒಳಗಿನ ಬಿಸಿ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮಣಿಕಟ್ಟಿಗೆ ಬರುವ ರಕ್ತವೇ ಕಡಿಮೆ. ನಡಿಗೆಯ ಮೊದಲ ಹತ್ತು ನಿಮಿಷದ ರೀಡಿಂಗ್ ಅಡ್ಡಾದಿಡ್ಡಿಯಾಗಿ ಆಮೇಲೆ ತಾನೇ ಸರಿಹೋಗುವುದಕ್ಕೆ ಇದೇ ಕಾರಣ. ಮನೆಯೊಳಗೇ ಐದು ನಿಮಿಷ ಕೈಕಾಲು ಆಡಿಸಿ ಬೆಚ್ಚಗಾಗಿ ಹೊರಡಿ, ತುಂಬುತೋಳಿನ ಸ್ವೆಟರ್ ವಾಚನ್ನು ಮುಚ್ಚಿರಲಿ.

ಹೃದಯದ ಬದಲು ಹೆಜ್ಜೆ ಎಣಿಸಿದರೆ

ಎಲ್ಲಕ್ಕಿಂತ ಹೆಚ್ಚು ಜನರನ್ನು ಹೆದರಿಸುವ ತಪ್ಪು ಇದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಓಡುವಾಗ ಹೆಚ್ಚಿನವರ ಹೆಜ್ಜೆ ನಿಮಿಷಕ್ಕೆ 160ರಿಂದ 180. ಚುರುಕು ನಡಿಗೆಯಲ್ಲಿ 110ರಿಂದ 130. ಕಡಿದಾದ ಏರಿನಲ್ಲಿ 100ರ ಒಳಗೆ ಇಳಿಯುತ್ತದೆ. ಪ್ರತಿ ಹೆಜ್ಜೆಗೂ ಕೈ ಕುಲುಕುತ್ತದೆ, ವಾಚು ಚರ್ಮದ ಮೇಲೆ ಅಲುಗುತ್ತದೆ, ಮಣಿಕಟ್ಟಿನ ರಕ್ತವೂ ಅತ್ತಿತ್ತ ತುಳುಕುತ್ತದೆ. ಸೆನ್ಸರ್‌ಗೆ ಕಾಣುವುದು ಎರಡು ಲಯ, ಒಂದು ನಾಡಿಯದು, ಒಂದು ಹೆಜ್ಜೆಯದು. ವಾಚಿನೊಳಗೆ ಅಲುಗಾಟ ಅಳೆಯುವ ಆಕ್ಸೆಲೆರೊಮೀಟರ್ ಇರುತ್ತದೆ. ಅದರ ಸಹಾಯದಿಂದ ಹೆಜ್ಜೆಯ ಲಯವನ್ನು ಕಳೆದು, ಉಳಿದದ್ದನ್ನು ನಾಡಿ ಎಂದು ಎಣಿಸಬೇಕು. ಎರಡೂ ಲಯ ಹತ್ತಿರ ಬಂದಾಗ, ಅಥವಾ ನಾಡಿಯ ಸಿಗ್ನಲ್ ಕ್ಷೀಣವಾಗಿದ್ದಾಗ ಲೆಕ್ಕ ತಪ್ಪುತ್ತದೆ. ವಾಚು ಹೆಜ್ಜೆಯನ್ನೇ ಎದೆಬಡಿತ ಎಂದು ಹಿಡಿದುಕೊಂಡು ಕೂರುತ್ತದೆ. ಆಗ ಜಾಗಿಂಗ್‌ನಲ್ಲಿ 168, ದುರ್ಗದ ಏರಿನಲ್ಲಿ 98. ಎರಡೂ ಕಾಲಿನ ಲೆಕ್ಕ.

ಒಂದು ಕೈ ಹಿಂದೆ ಮುಂದೆ ಪೂರ್ತಿ ಬೀಸಲು ಎರಡು ಹೆಜ್ಜೆ ಬೇಕು. ಹಾಗಾಗಿ ವಾಚು ಕೆಲವು ಸಲ ಕೈಬೀಸಿನ ಲಯ ಹಿಡಿದು ಹೆಜ್ಜೆಯ ಅರ್ಧ ಸಂಖ್ಯೆ ತೋರಿಸುತ್ತದೆ. 170 ಹೆಜ್ಜೆಯ ಓಟದಲ್ಲಿ 85. ಓಡುತ್ತಿದ್ದರೂ ಎದೆಬಡಿತ 85 ಎಂದರೆ ಫಿಟ್‌ನೆಸ್ ಹೆಚ್ಚಾಗಿದೆ ಎಂದು ಸಂತೋಷಪಡಬೇಡಿ.

ಪತ್ತೆ ಮಾಡುವುದು ಹೀಗೆ. ಓಡುತ್ತಲೇ 30 ಸೆಕೆಂಡ್ ಹೆಜ್ಜೆ ಎಣಿಸಿ, ಎರಡರಿಂದ ಗುಣಿಸಿ. ವಾಚಿನ ಸಂಖ್ಯೆ ಅದಕ್ಕೆ ಎರಡು ಮೂರು ಅಂಕಿಯಷ್ಟು ಹತ್ತಿರವಿದ್ದರೆ ಅನುಮಾನಪಡಿ. ಆಮೇಲೆ ಪೂರ್ತಿ ನಿಂತುಬಿಡಿ. ನಿಜವಾದ ಎದೆಬಡಿತ ಒಂದೆರಡು ನಿಮಿಷದಲ್ಲಿ ಜಾರುತ್ತಾ ಇಳಿಯುತ್ತದೆ. ಹೆಜ್ಜೆಯ ಲೆಕ್ಕವಾದರೆ ಕೆಲವೇ ಸೆಕೆಂಡಿನಲ್ಲಿ 168ರಿಂದ 120ಕ್ಕೆ ದಢಕ್ಕನೆ ಬೀಳುತ್ತದೆ. ಮನೆಗೆ ಹೋಗಿ ಗ್ರಾಫ್ ನೋಡಿ. ಹೃದಯದ ಗೆರೆ ಒಂದರಿಂದ ಮೂರು ನಿಮಿಷ ಇಳಿಜಾರಿನಂತೆ ಏರಿ, ಮೇಲೆ ಹೋದ ಮೇಲೂ ಸ್ವಲ್ಪ ಆಡುತ್ತಿರುತ್ತದೆ. ಹೆಜ್ಜೆಯ ಗೆರೆ ಗೋಡೆಯಂತೆ ನೆಟ್ಟಗೆ ಏರಿ, ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಆ್ಯಪ್‌ನಲ್ಲಿ ಕೇಡೆನ್ಸ್, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬುದರ ಗ್ರಾಫ್ ಇದ್ದರೆ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ, ಸಂಶಯವೇ ಉಳಿಯುವುದಿಲ್ಲ.

ಓಟದ ನಡುವೆ ಹೀಗಾದರೆ ಹತ್ತು ಸೆಕೆಂಡ್ ಆ ಕೈ ಬೀಸದೆ ಎದೆಗೆ ಒತ್ತಿಕೊಳ್ಳಿ, ವಾಚನ್ನು ಒಂದಿಂಚು ಮೇಲಕ್ಕೆ ಸರಿಸಿ ಬಿಗಿ ಮಾಡಿ. ಸಾಮಾನ್ಯವಾಗಿ ಸರಿಯಾದ ಲಯ ಮತ್ತೆ ಸಿಗುತ್ತದೆ. ವ್ಯಾಯಾಮದ ಮೋಡ್ ಸರಿಯಾಗಿ ಆರಿಸಿ. ಓಟಕ್ಕೆ ರನ್ನಿಂಗ್, ನಡಿಗೆಗೆ ವಾಕಿಂಗ್. ಯಾವ ರೀತಿಯ ಅಲುಗಾಟ ಕಳೆಯಬೇಕು ಎಂದು ಕೆಲವು ವಾಚುಗಳು ಮೋಡ್ ನೋಡಿಯೇ ತೀರ್ಮಾನಿಸುತ್ತವೆ.

ಓಟ ಮಾತ್ರವಲ್ಲ, ಲಯಬದ್ಧವಾದ ಯಾವ ಅಲುಗಾಟವೂ ಹೀಗೆ ದಾರಿ ತಪ್ಪಿಸಬಹುದು. ಪವರ್ ಟಿಲ್ಲರ್ ಹಿಡಿದವರು, ಹಳ್ಳಗುಂಡಿ ರಸ್ತೆಯಲ್ಲಿ ಬೈಕ್ ಓಡಿಸುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು ಇದನ್ನು ಕಂಡಿರುತ್ತೀರಿ. ತಿಪಟೂರು ಕಡೆ ಕಾಯಿ ಸುಲಿಯುವವರಿಗೆ, ಜಿಮ್‌ನಲ್ಲಿ ಡಂಬೆಲ್ ಎತ್ತುವವರಿಗೆ ತೊಂದರೆ ಬೇರೆ ಬಗೆಯದು. ಮುಷ್ಟಿ ಬಿಗಿದು ಮಣಿಕಟ್ಟು ಮಡಿಸಿದಾಗ ಸ್ನಾಯು ಉಬ್ಬಿ ಸೆನ್ಸರ್ ಎದ್ದುಬಿಡುತ್ತದೆ, ರಕ್ತದ ಹರಿವೂ ತಡೆಯುತ್ತದೆ. ಭಾರ ಎತ್ತುವಾಗ ಮಣಿಕಟ್ಟಿನ ರೀಡಿಂಗ್ ನಂಬಬೇಡಿ ಎಂದೇ ತರಬೇತುದಾರರು ಹೇಳಬೇಕು.

ಜೊತೆಗೆ ತಡವೂ ಇದೆ. ಒಂದೊಂದು ಬಡಿತವನ್ನೂ ಹಾಗಾಗೇ ತೋರಿಸಿದರೆ ಸಂಖ್ಯೆ ಕುಣಿಯುತ್ತದೆ ಎಂದು ವಾಚು ಹಿಂದಿನ ಹಲವು ಸೆಕೆಂಡುಗಳ ಸರಾಸರಿ ತೋರಿಸುತ್ತದೆ. 30 ಸೆಕೆಂಡ್ ಜೋರು ಓಟ, 30 ಸೆಕೆಂಡ್ ವಿಶ್ರಾಂತಿ ಎಂಬ ಬಗೆಯ ವ್ಯಾಯಾಮದಲ್ಲಿ ವಾಚು ಏರುವ ಹೊತ್ತಿಗೆ ನೀವು ನಿಂತಿರುತ್ತೀರಿ, ಇಳಿಯುವ ಹೊತ್ತಿಗೆ ಮತ್ತೆ ಓಡುತ್ತಿರುತ್ತೀರಿ. ಅಲ್ಲಿ ಗರಿಷ್ಠ ಮಟ್ಟ ತಿಳಿಯಬೇಕಾದರೆ ಎದೆಗೆ ಕಟ್ಟುವ ಸೆನ್ಸರ್ ಪಟ್ಟಿಯೇ ಬೇಕು.

72 ಮತ್ತು 118ರ ಗುಟ್ಟು

ಇಲ್ಲಿಂದ ಮುಂದೆ ವಾಚಿನ ತಪ್ಪಿಲ್ಲ, ಕೈಯ ತಪ್ಪೂ ಇಲ್ಲ. ಎಲ್ಲ ಲೆಕ್ಕದ್ದು.

ಬ್ಯಾಟರಿ ಉಳಿಸಲು ಬಹಳಷ್ಟು ವಾಚುಗಳು ದಿನವಿಡೀ ನಿರಂತರ ಅಳೆಯುವುದಿಲ್ಲ. 10 ನಿಮಿಷಕ್ಕೊಮ್ಮೆ ಎಂದು ಸೆಟ್ಟಿಂಗ್ ಇದೆ ಎಂದುಕೊಳ್ಳಿ. ವರ್ಕೌಟ್ ಶುರು ಮಾಡಿದಾಗ ಮಾತ್ರ ಸೆಕೆಂಡಿಗೊಂದು ರೀಡಿಂಗ್. ಈಗ ಒಂದು ದಿನದ ಲೆಕ್ಕ ಮಾಡೋಣ. 23 ಗಂಟೆ ಸಾಧಾರಣ ಓಡಾಟ, ನಿದ್ದೆ; ಎದೆಬಡಿತ 70ರ ಆಸುಪಾಸು. ಗಂಟೆಗೆ 6ರಂತೆ 138 ರೀಡಿಂಗ್. ಒಂದು ಗಂಟೆ ಚುರುಕು ನಡಿಗೆ. ಎದೆಬಡಿತ 120, ಸೆಕೆಂಡಿಗೊಂದರಂತೆ 3600 ರೀಡಿಂಗ್. ಒಂದು ಆ್ಯಪ್ ಎಲ್ಲ ರೀಡಿಂಗ್ ಕೂಡಿಸಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸುತ್ತದೆ. 138 ಸಲ 70, 3600 ಸಲ 120, ಒಟ್ಟು 4,41,660. ಅದನ್ನು 3738ರಿಂದ ಭಾಗಿಸಿದರೆ 118. ಇನ್ನೊಂದು ಆ್ಯಪ್ ಸಮಯಕ್ಕೆ ತಕ್ಕ ತೂಕ ಕೊಡುತ್ತದೆ. 23 ಗಂಟೆಗೆ 70, ಒಂದು ಗಂಟೆಗೆ 120, ಒಟ್ಟು 1730. ಅದನ್ನು 24ರಿಂದ ಭಾಗಿಸಿದರೆ 72. ಹೃದಯ ಒಂದೇ, ರೀಡಿಂಗ್‌ಗಳೂ ಅವೇ. ನಿಮ್ಮ ದಿನವನ್ನು ಸರಿಯಾಗಿ ಹೇಳುವುದು 72. 118 ಎನ್ನುವುದು ಯಾವುದರ ಸರಾಸರಿಯೂ ಅಲ್ಲ ಎಂದೇ ನನ್ನ ಅಭಿಪ್ರಾಯ.

ವರ್ಕೌಟ್‌ನ ಸರಾಸರಿಯಲ್ಲೂ ಇಂಥದ್ದೇ. ನಡುವೆ ಟೀ ಅಂಗಡಿಯಲ್ಲಿ ನಿಂತ ಹತ್ತು ನಿಮಿಷವನ್ನು ಒಂದು ಆ್ಯಪ್ ಬಿಟ್ಟುಬಿಡುತ್ತದೆ, ಇನ್ನೊಂದು ಸೇರಿಸಿಕೊಳ್ಳುತ್ತದೆ. ನೀವು ನಿಂತಾಗ ದಾಖಲೆಯನ್ನೂ ತಾನೇ ನಿಲ್ಲಿಸುವ ಆಟೋ ಪಾಜ್ (auto pause) ಎರಡರಲ್ಲೂ ಒಂದೇ ರೀತಿ ಇದೆಯೇ ನೋಡಿ. ದಿನದ ಗಡಿಯೂ ಗಮನಿಸಬೇಕಾದದ್ದು. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಯಾವುದಾದರೂ ಆ್ಯಪ್ ಯುಟಿಸಿ ಪ್ರಕಾರ ದಿನ ಕತ್ತರಿಸಿದರೆ, ನಮಗೆ ದಿನ ಬದಲಾಗುವುದು ಬೆಳಗ್ಗೆ 5.30ಕ್ಕೆ. ಐದಕ್ಕೆ ಹೊರಟು ಆರಕ್ಕೆ ಮುಗಿಸುವವರ ನಡಿಗೆ ಅರ್ಧ ನಿನ್ನೆಗೆ, ಅರ್ಧ ಇವತ್ತಿಗೆ ಹಂಚಿಹೋಗುತ್ತದೆ. ಗ್ರಾಫ್‌ನಲ್ಲಿ ನಡಿಗೆ ಸರಿಯಾಗಿ 5.30ಕ್ಕೆ ಕತ್ತರಿಸಿದಂತೆ ಕಂಡರೆ ಕಾರಣ ಅದೇ.

ರೆಸ್ಟಿಂಗ್ ಹಾರ್ಟ್‌ರೇಟ್, ಅಂದರೆ ವಿಶ್ರಾಂತಿಯಲ್ಲಿರುವಾಗಿನ ಎದೆಬಡಿತ ಎಂಬ ಸಂಖ್ಯೆಗೂ ಎಲ್ಲ ಕಂಪನಿಗಳು ಒಂದೇ ಅರ್ಥ ಇಟ್ಟುಕೊಂಡಿಲ್ಲ. ಗಾರ್ಮಿನ್ 24 ಗಂಟೆಯಲ್ಲಿ ಅತಿ ಕಡಿಮೆ ಇದ್ದ 30 ನಿಮಿಷದ ಸರಾಸರಿಯನ್ನು ನೋಡುತ್ತದೆ, ಅದು ಹೆಚ್ಚಾಗಿ ನಿದ್ದೆಯ ಹೊತ್ತು. ಆ್ಯಪಲ್ ವಾಚು ಹಗಲು ನೀವು ಅಲುಗದೆ ಇದ್ದಾಗಿನ ರೀಡಿಂಗ್‌ಗಳನ್ನು ಆಧಾರ ಮಾಡಿಕೊಳ್ಳುತ್ತದೆ. ಫಿಟ್‌ಬಿಟ್ ನಿದ್ದೆ, ಎಚ್ಚರ ಎರಡನ್ನೂ ಬೆರೆಸುತ್ತದೆ. ಮಲಗಿದಾಗ ಎದೆಬಡಿತ ಕೂತಾಗಿನದಕ್ಕಿಂತ ಕಡಿಮೆ ಇರುವುದು ಸಹಜ. ಹೀಗಾಗಿ ಒಂದರಲ್ಲಿ 56, ಇನ್ನೊಂದರಲ್ಲಿ 64 ಇದ್ದರೆ ಎರಡೂ ಸರಿಯಿರಬಹುದು. ಒಂದೇ ವಾಚಿನ ಈ ವಾರ, ಹೋದ ವಾರ ಹೋಲಿಸಿ. ಹೊಸ ಕಂಪನಿಯ ವಾಚು ಕೊಂಡ ದಿನದಿಂದ ರೆಸ್ಟಿಂಗ್ ರೇಟ್ ಏರಿತು ಎಂದು ಕೊರಗಬೇಡಿ.

ವ್ಯಾಯಾಮ ಎಷ್ಟು ಜೋರು ಎಂದು ಆ್ಯಪ್‌ಗಳು ಬಣ್ಣಗಳಲ್ಲಿ ತೋರಿಸುವ ಝೋನ್‌ಗಳ ಗೊಂದಲವೂ ಸೂತ್ರದ್ದೇ. 50 ವರ್ಷದವರ ಗರಿಷ್ಠ ಎದೆಬಡಿತ 220ರಲ್ಲಿ ವಯಸ್ಸು ಕಳೆಯುವ ಹಳೆಯ ಸೂತ್ರದಲ್ಲಿ 170. 2001ರಲ್ಲಿ ಪ್ರಕಟವಾದ, 208ರಿಂದ ವಯಸ್ಸಿನ 0.7 ಪಾಲು ಕಳೆಯುವ ಸೂತ್ರದಲ್ಲಿ 173. ಅರವತ್ತಾದರೆ 160 ಮತ್ತು 166. ಎರಡೂ ಸರಾಸರಿಯ ಸೂತ್ರಗಳು, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಮಾಮೂಲು. ಇನ್ನು ಕೆಲವು ಆ್ಯಪ್‌ಗಳು 1957ರಲ್ಲಿ ಫಿನ್ಲೆಂಡಿನ ಕಾರ್ವೊನೆನ್ ಕೊಟ್ಟ ವಿಧಾನದಂತೆ ರೆಸ್ಟಿಂಗ್ ರೇಟನ್ನೂ ಲೆಕ್ಕಕ್ಕೆ ತರುತ್ತವೆ. 50 ವರ್ಷ, ಗರಿಷ್ಠ 170, ರೆಸ್ಟಿಂಗ್ 70 ಇರುವವರು 130ರಲ್ಲಿ ನಡೆದರೆ, ಬರೀ ಗರಿಷ್ಠದ ಲೆಕ್ಕದಲ್ಲಿ ಅದು ಶೇ 76, ಕಾರ್ವೊನೆನ್ ಲೆಕ್ಕದಲ್ಲಿ ಶೇ 60. ಒಂದರಲ್ಲಿ ಕಿತ್ತಳೆ ಬಣ್ಣ, ಇನ್ನೊಂದರಲ್ಲಿ ಹಸಿರು. ಬಣ್ಣಕ್ಕಿಂತ ಮಾತಾಡುವ ಪರೀಕ್ಷೆ ಹೆಚ್ಚು ನಂಬಿಕೆಯದು: ನಡೆಯುತ್ತಾ ಪೂರ್ತಿ ವಾಕ್ಯ ಆಡಲು ಆಗುತ್ತಿದ್ದು, ಹಾಡಲು ಆಗದಿದ್ದರೆ ಅದು ಮಧ್ಯಮ ಪ್ರಮಾಣದ ವ್ಯಾಯಾಮ.

ಫೋನಿನಲ್ಲಿ ಆಗುವ ಎಡವಟ್ಟು

ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸಲು ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಆಗ ವಾಚಿನಿಂದ ಮಾಹಿತಿ ಬರುವುದು ನಿಲ್ಲುತ್ತದೆ, ಆ್ಯಪ್ ಒಂದು ಗಂಟೆ ಹಿಂದಿನ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ. ಗ್ರಾಫ್‌ನಲ್ಲಿ ಅಳತೆಗೋಲು ಇಟ್ಟು ಎಳೆದಂಥ ನೇರ ಗೆರೆ ಕಂಡರೆ ಅಲ್ಲಿ ಮಾಹಿತಿಯೇ ಇಲ್ಲ, ಎರಡು ತುದಿಗಳನ್ನು ಸುಮ್ಮನೆ ಜೋಡಿಸಲಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ, ವಾಚಿನ ಆ್ಯಪ್ ತೆರೆದು, ಬ್ಯಾಟರಿ ಒತ್ತಿ, ಅನ್‌ರಿಸ್ಟ್ರಿಕ್ಟೆಡ್ ಆಯ್ಕೆ ಮಾಡಿ. ಕೆಲವು ಫೋನ್‌ಗಳಲ್ಲಿ ಆಟೋ ಸ್ಟಾರ್ಟ್ ಎಂಬ ಬೇರೆ ಅನುಮತಿಯೂ ಇರುತ್ತದೆ, ಅದನ್ನೂ ಕೊಡಿ.

ಎರಡನೆಯದು, ಒಂದೇ ದಾಖಲೆ ಎರಡು ಹೆಸರಿನಲ್ಲಿ ಸೇರುವುದು. ವಾಚಿನ ಆ್ಯಪ್, ವಾಕಿಂಗ್ ಆ್ಯಪ್, ಫೋನಿನ ಜೊತೆಗೇ ಬಂದ ಹೆಲ್ತ್ ಆ್ಯಪ್, ಮೂರೂ ಆರೋಗ್ಯ ಮಾಹಿತಿಯನ್ನು ಆ್ಯಪ್‌ಗಳ ನಡುವೆ ಹಂಚುವ ಹೆಲ್ತ್ ಕನೆಕ್ಟ್ ಎಂಬ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಬರೆಯುತ್ತವೆ, ಮೂರೂ ಅಲ್ಲಿಂದ ಓದುತ್ತವೆ. ಆಂಡ್ರಾಯ್ಡ್ 14ರಿಂದ ಹೆಲ್ತ್ ಕನೆಕ್ಟ್ ಸೆಟ್ಟಿಂಗ್ಸ್‌ನಲ್ಲೇ ಇದೆ. ಒಳಗೆ ಹೋಗಿ ಹಾರ್ಟ್‌ರೇಟ್ ಬರೆಯುವ ಅನುಮತಿಯನ್ನು ಒಂದೇ ಒಂದು ಆ್ಯಪ್‌ಗೆ ಬಿಡಿ, ಉಳಿದವಕ್ಕೆ ಓದುವ ಅನುಮತಿ ಸಾಕು. ಐಫೋನ್‌ನಲ್ಲಿ ಹೆಲ್ತ್ ಆ್ಯಪ್‌ನ ಹಾರ್ಟ್‌ರೇಟ್ ಪುಟದ ಕೆಳಗೆ ಎಲ್ಲ ರೀಡಿಂಗ್‌ಗಳ ಪಟ್ಟಿ ಇರುತ್ತದೆ, ಯಾವ ಸಂಖ್ಯೆ ಯಾವ ಸಾಧನದಿಂದ ಬಂತು ಎಂದು ಅಲ್ಲಿ ಸಿಗುತ್ತದೆ. ವಿಚಿತ್ರ ಸಂಖ್ಯೆ ಕಂಡಾಗ ಮೊದಲು ಅಲ್ಲಿಗೆ ಹೋಗಿ.

ಮೂರು ಬೆರಳಿನ ಪರೀಕ್ಷೆ

ವಾಚು ಸರಿಯೋ ತಪ್ಪೋ ತಿಳಿಯಲು ಇನ್ನೊಂದು ವಾಚು ಬೇಡ. ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂರಿ, ಮಾತು ಬೇಡ, ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ. ವಾಚಿಲ್ಲದ ಕೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ತೋರು, ಮಧ್ಯ, ಉಂಗುರ ಬೆರಳುಗಳನ್ನು ಹಗುರವಾಗಿ ಇಡಿ. ಹೆಬ್ಬೆರಳು ಬಳಸಬೇಡಿ, ಅದರದೇ ನಾಡಿ ತಾಗುತ್ತದೆ. ಫೋನಿನ ಟೈಮರ್ ಶುರುವಾದಾಗ ಸಿಕ್ಕ ಬಡಿತವನ್ನು ಸೊನ್ನೆ ಎಂದು ಹಿಡಿದು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದರೂ ನಾಲ್ಕು ತಪ್ಪಿದಂತೆ. ಅದೇ ಒಂದು ನಿಮಿಷದಲ್ಲಿ ವಾಚಿನ ಸಂಖ್ಯೆಯನ್ನು 15 ಸೆಕೆಂಡಿಗೊಮ್ಮೆ ಮನೆಯವರೊಬ್ಬರು ಬರೆದುಕೊಳ್ಳಲಿ. ನಾಲ್ಕರ ಸರಾಸರಿಗೂ ನಿಮ್ಮ ಎಣಿಕೆಗೂ 5ರ ಒಳಗೆ ವ್ಯತ್ಯಾಸವಿದ್ದರೆ ವಾಚು ಚೆನ್ನಾಗಿದೆ. ಮೂರು ದಿನ ಹೀಗೆ ಮಾಡಿ. ಮೂರೂ ದಿನ 10ಕ್ಕಿಂತ ಹೆಚ್ಚು ತಪ್ಪಿದರೆ, ಕಟ್ಟುವ ಜಾಗ ಬದಲಿಸಿ, ಇನ್ನೊಂದು ಕೈಗೆ ಕಟ್ಟಿ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಆ ವಾಚಿನ ಸಂಖ್ಯೆಯನ್ನು ಯಾವ ನಿರ್ಧಾರಕ್ಕೂ ಬಳಸಬೇಡಿ.

ವ್ಯಾಯಾಮದ ನಂತರದ ಪರೀಕ್ಷೆ ಬೇರೆ. ನಿಂತ ಕೂಡಲೇ ಎದೆಬಡಿತ ಬೇಗ ಇಳಿಯತೊಡಗುತ್ತದೆ, ಆರೋಗ್ಯವಂತರಲ್ಲಿ ಮೊದಲ ನಿಮಿಷದಲ್ಲೇ 12ಕ್ಕಿಂತ ಹೆಚ್ಚು ಇಳಿಯುವುದು ಸಾಮಾನ್ಯ. ಅಲ್ಲಿ 60 ಸೆಕೆಂಡ್ ಎಣಿಸುವಂತಿಲ್ಲ, 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಬೇಕು, ಆರು ಬಡಿತದ ತಪ್ಪನ್ನು ಒಪ್ಪಿಕೊಂಡೇ. ಕುತ್ತಿಗೆಯಲ್ಲಿ ನಾಡಿ ನೋಡುವವರು ಒಂದೇ ಬದಿ, ಹಗುರವಾಗಿ ನೋಡಿ. ಎರಡೂ ಬದಿ ಒಟ್ಟಿಗೆ ಒತ್ತಿದರೆ ತಲೆ ಸುತ್ತಿ ಬೀಳಬಹುದು.

ಎಣಿಸುವಾಗಲೇ ನಾಡಿ ಒಂದೇ ಸಮನಾಗಿ ಬಾರದೆ, ನಡುನಡುವೆ ತಪ್ಪಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿದ್ದರೆ ಅದು ವಾಚಿನ ಸಮಸ್ಯೆಯಲ್ಲ. ಹೃದಯದ ಲಯ ತಪ್ಪಿದಾಗ ಕೆಲವು ಬಡಿತಗಳು ದುರ್ಬಲವಾಗಿ ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಇಸಿಜಿಯಲ್ಲಿ 80 ಇರುವಾಗ ವಾಚು 40 ತೋರಿಸುವ ಸಂದರ್ಭಗಳೂ ಉಂಟು. ಅಂಥವರು ಇಸಿಜಿ ಮಾಡಿಸಲೇಬೇಕು. ಉಸಿರು ಎಳೆದಾಗ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ ಆಗುವುದು ಮಾತ್ರ ಸಹಜ, ಹರೆಯದವರಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಸಭಿಕರ ಪ್ರಶ್ನೆಗಳು

*ಎದೆಗೆ ಕಟ್ಟುವ ಪಟ್ಟಿ ಯಾವಾಗಲೂ ಸರಿ ಹೇಳುತ್ತದೆಯೇ ಸರ್?*

ವಾಚಿಗಿಂತ ಬಹಳ ಚೆನ್ನಾಗಿ ಹೇಳುತ್ತದೆ. ಅದು ಇಸಿಜಿಯ ಹಾಗೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಆದರೆ ಪಟ್ಟಿಯ ಎಲೆಕ್ಟ್ರೋಡ್ ಒಣಗಿದ್ದರೆ ಮೊದಲ ಐದು ಹತ್ತು ನಿಮಿಷ ಹುಚ್ಚಾಪಟ್ಟೆ ಸಂಖ್ಯೆ ಬರುತ್ತದೆ, ಬೆವರು ಬಂದ ಮೇಲೆ ಸರಿಹೋಗುತ್ತದೆ. ಕಟ್ಟುವ ಮೊದಲು ನೀರಿನಲ್ಲಿ ಒದ್ದೆ ಮಾಡಿ. ಒಣ ಹವೆಯಲ್ಲಿ ಪಾಲಿಯೆಸ್ಟರ್ ಟಿ ಶರ್ಟ್ ಗಾಳಿಗೆ ಪಟಪಟ ಬಡಿದರೆ ಸ್ಥಾಯೀ ವಿದ್ಯುತ್‌ನಿಂದ 200ರ ಮೇಲೆ ಹೋಗಬಹುದು. ಪ್ರತಿ ಸಲ ಪಟ್ಟಿ ತೊಳೆದು, ಅದಕ್ಕೆ ಸಿಕ್ಕಿಸುವ ಸೆನ್ಸರ್ ಪಾಡ್ ಕಳಚಿಡಿ. ಒದ್ದೆ ಪಟ್ಟಿಗೇ ಸಿಕ್ಕಿಸಿಟ್ಟರೆ ಅದು ಆನ್ ಆಗಿಯೇ ಉಳಿದು ಬ್ಯಾಟರಿ ಬೇಗ ಮುಗಿಯುತ್ತದೆ. ಜಿಮ್‌ನಲ್ಲಿ ಹಲವರು ಪಟ್ಟಿ ಕಟ್ಟಿದ್ದರೆ, ನಿಮ್ಮ ಆ್ಯಪ್ ಪಕ್ಕದವರ ಪಟ್ಟಿಗೆ ಸೇರಿಕೊಂಡಿಲ್ಲ ಎಂದು ಸಾಧನದ ನಂಬರ್ ನೋಡಿ ಖಚಿತಪಡಿಸಿಕೊಳ್ಳಿ. ಎದೆಪಟ್ಟಿ ಕಿರಿಕಿರಿ ಅನ್ನುವವರಿಗೆ ಮುಂಗೈ ಅಥವಾ ತೋಳಿಗೆ ಕಟ್ಟುವ ಬೆಳಕಿನ ಬ್ಯಾಂಡ್‌ಗಳಿವೆ. ಅಲ್ಲಿ ಮಾಂಸ ಹೆಚ್ಚು, ಅಲುಗಾಟ ಕಡಿಮೆ, ಮಣಿಕಟ್ಟಿಗಿಂತ ಎಷ್ಟೋ ವಾಸಿ.

*ನನ್ನ ವಾಚು ಸುರುಳಿ ಸುತ್ತಿದ ಟವೆಲ್‌ಗೆ ಕಟ್ಟಿದರೂ 76 ತೋರಿಸುತ್ತದೆ. ನಕಲಿಯೇ?*

ಅಷ್ಟರಿಂದಲೇ ನಕಲಿ ಎನ್ನಲಾಗದು. ಸೆನ್ಸರ್‌ಗೆ ಏನೋ ಒಂದು ಬೆಳಕು ವಾಪಸ್ ಬರುತ್ತಿದೆ, ಗದ್ದಲದಲ್ಲೇ ಲಯ ಹುಡುಕುವ ಪ್ರೋಗ್ರಾಂ ಅದರಲ್ಲೂ ಒಂದು ಲಯ ಕಂಡುಕೊಂಡಿದೆ. ಒಳ್ಳೆಯ ವಾಚು ಚರ್ಮದ ಮೇಲೆ ಇದ್ದೇನೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ಗೆರೆ ಮಾತ್ರ ತೋರಿಸುತ್ತದೆ. ನಿಮ್ಮದರಲ್ಲಿ ಆ ಪರೀಕ್ಷೆ ದುರ್ಬಲ. ಸರಿಯಾದ ಪರೀಕ್ಷೆ ಎಂದರೆ, ಕೂತು ಒಮ್ಮೆ, ಎರಡು ಮಹಡಿ ಮೆಟ್ಟಿಲು ಹತ್ತಿ ಒಮ್ಮೆ ಬೆರಳಿನಿಂದ ಎಣಿಸಿ ಹೋಲಿಸುವುದು. ಎರಡೂ ಸಲ ವಾಚು 76, 78 ಎಂದೇ ಹೇಳಿದರೆ ಅದರಲ್ಲಿ ಹಾರ್ಟ್‌ರೇಟ್ ನೋಡುವುದು ಬಿಟ್ಟುಬಿಡಿ, ಸಮಯ ನೋಡಿಕೊಳ್ಳಿ.

*ಬಿಪಿ ಮಾತ್ರೆ ಶುರು ಮಾಡಿದ ಮೇಲೆ ವಾಚು 54, 56 ತೋರಿಸುತ್ತಿದೆ.*

ಮೆಟೊಪ್ರೊಲೊಲ್, ಅಟೆನೊಲೊಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಎದೆಬಡಿತವನ್ನು ಇಳಿಸುತ್ತವೆ, ಅದು ಅವುಗಳ ಕೆಲಸ. ವ್ಯಾಯಾಮದಲ್ಲೂ ಹೆಚ್ಚು ಏರಲು ಬಿಡುವುದಿಲ್ಲ, ಹಾಗಾಗಿ ಆ್ಯಪ್‌ನ ಝೋನ್‌ಗಳು ನಿಮಗೆ ಹೊಂದುವುದಿಲ್ಲ. ಬೆರಳಿನಿಂದ ಎಣಿಸಿ ಖಚಿತ ಮಾಡಿಕೊಳ್ಳಿ, ಬರೆದಿಟ್ಟು ಮುಂದಿನ ಸಲ ವೈದ್ಯರಿಗೆ ತೋರಿಸಿ, ಮಾತ್ರೆ ನೀವಾಗಿ ನಿಲ್ಲಿಸಬೇಡಿ. ತಲೆಸುತ್ತು, ಕಣ್ಣು ಕತ್ತಲೆ ಬಂದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

*ಯಾವ ಸಂಖ್ಯೆ ಬಂದರೆ ಆಸ್ಪತ್ರೆಗೆ ಹೋಗಬೇಕು?*

ಎದೆ ಹಿಂಡಿದಂತೆ ನೋವು, ತಣ್ಣನೆ ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಸಂಖ್ಯೆ ನೋಡಬೇಡಿ, 108ಕ್ಕೆ ಫೋನ್ ಮಾಡಿ. ಹೃದಯಾಘಾತದಲ್ಲೂ ವಾಚು 78 ತೋರಿಸಬಹುದು. ಲಕ್ಷಣಗಳಿಲ್ಲದೆ, ಕೂತು ಹತ್ತು ನಿಮಿಷವಾದ ಮೇಲೂ 120ಕ್ಕಿಂತ ಹೆಚ್ಚು ಅಥವಾ 40ಕ್ಕಿಂತ ಕಡಿಮೆ ಇದ್ದು, ಬೆರಳಿನ ಎಣಿಕೆಯೂ ಹಾಗೇ ಹೇಳಿದರೆ ಅದೇ ದಿನ ವೈದ್ಯರನ್ನು ಕಾಣಿ. ಜ್ವರವಿದ್ದಾಗ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಬಡಿತ ಏರುವುದು ಸಹಜ ಎಂಬುದೂ ನೆನಪಿರಲಿ.

*ವೈದ್ಯರಿಗೆ ಆ್ಯಪ್ ತೋರಿಸಿದರೆ ನೋಡುವುದೇ ಇಲ್ಲ.*

ಅವರಿಗೆ ಮೂರು ತಿಂಗಳ ಬಣ್ಣಬಣ್ಣದ ಗ್ರಾಫ್ ತೋರಿಸಬೇಡಿ, ನೋಡಲು ಸಮಯವೂ ಇರುವುದಿಲ್ಲ. ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ: ತಾರೀಕು, ಸಮಯ, ಆಗ ಏನು ಮಾಡುತ್ತಿದ್ದಿರಿ, ವಾಚಿನ ಸಂಖ್ಯೆ, ಬೆರಳಿನ ಎಣಿಕೆ, ಏನನ್ನಿಸಿತು, ಎಷ್ಟು ಹೊತ್ತು ಇತ್ತು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನು ಕೆಳಗೆ ಬರೆಯಿರಿ. ನಿಮ್ಮ ವಾಚಿನಲ್ಲಿ ಇಸಿಜಿ ಸೌಲಭ್ಯವಿದ್ದರೆ, ಎದೆ ಹಾರಿದ ಹೊತ್ತಿನಲ್ಲೇ 30 ಸೆಕೆಂಡ್ ದಾಖಲಿಸಿ, ಪಿಡಿಎಫ್ ಮಾಡಿ ಮುದ್ರಿಸಿಕೊಳ್ಳಿ. ಕೈಯನ್ನು ಮೇಜಿನ ಮೇಲೆ ಆನಿಸಿ, ಮಾತಾಡದೆ ತೆಗೆದ ದಾಖಲೆಯಾಗಿರಲಿ, ಇಲ್ಲದಿದ್ದರೆ ಗೆರೆ ನಡುಗಿ ಓದಲು ಬರುವುದಿಲ್ಲ.